ಹೆಬ್ಬಾವಿನ ಮರಿ: ಗುರುತಿಸುವ ಬಗೆ, ಆಹಾರಕ್ರಮ ಮತ್ತು ಕಾನೂನು

ಹೆಬ್ಬಾವು ವಿಷವಿಲ್ಲದ ಹಾವು. ಆದರೆ ಅದರ ಮರಿಯನ್ನು ಹೋಲುವ ಇನ್ನೊಂದು ಹಾವು ಭಾರತದ ಅತ್ಯಂತ ಅಪಾಯಕಾರಿ ವಿಷಸರ್ಪಗಳಲ್ಲಿ ಒಂದು. ಮಳೆಗಾಲದಲ್ಲಿ ಅಡಕೆ ತೋಟ, ಕಟ್ಟಿಗೆ ರಾಶಿ, ಕೋಳಿಗೂಡು ಮತ್ತು ಶಾಲೆಯ ಆವರಣಗಳಲ್ಲಿ ಈ ಎರಡರ ಮರಿಗಳೂ ಕಾಣಿಸಿಕೊಳ್ಳುತ್ತವೆ. ಇದರ ಜೊತೆಗೆ, ವಿದೇಶಿ ಹಾವುಗಳನ್ನು ಸಾಕುವ ದೃಶ್ಯಗಳನ್ನು ಮೊಬೈಲಿನಲ್ಲಿ ಕಂಡ ಮಕ್ಕಳಲ್ಲಿ ‘ನಾವೂ ಒಂದು ಮರಿಯನ್ನು ಸಾಕಬಹುದೇ?’ ಎಂಬ ಪ್ರಶ್ನೆ ಏಳುತ್ತಿದೆ. ಮಕ್ಕಳ ಕುತೂಹಲವನ್ನು ಗದರಿಸಿ ಅಡಗಿಸುವುದಕ್ಕಿಂತ ಸರಿಯಾದ ತಿಳಿವಳಿಕೆ ಕೊಡುವುದು ಮೇಲು. ಗಡಿನಾಡಿನ ಕನ್ನಡ ಶಾಲೆಗಳ ಕುಟುಂಬಗಳಿಗಾಗಿ ಈ ಮಾಹಿತಿಯನ್ನು ನಾವು ಇಲ್ಲಿ ಕ್ರಮವಾಗಿ ನೀಡಿದ್ದೇವೆ.

ಹೆಸರುಗಳ ಪರಿಚಯ

ಗಡಿಭಾಗದಲ್ಲಿ ಹಾವಿನ ಹೆಸರು ಮನೆಯಲ್ಲೊಂದು, ಆಸ್ಪತ್ರೆಯಲ್ಲೊಂದು, ಅರಣ್ಯ ಇಲಾಖೆಯ ಫಲಕದಲ್ಲಿ ಮತ್ತೊಂದು. ಕನ್ನಡದ ಹೆಬ್ಬಾವು ಮಲಯಾಳದಲ್ಲಿ ಪೆರುಂಪಾಂಬು ಅಥವಾ ಮಲಂಪಾಂಬು, ತಮಿಳಿನಲ್ಲಿ ಮಲೈಪ್ಪಾಂಬು, ತೆಲುಗಿನಲ್ಲಿ ಕೊಂಡಚಿಲುವ, ಮರಾಠಿಯಲ್ಲಿ ಅಜಗರ. ಇದರೊಡನೆ ಗೊಂದಲಕ್ಕೆ ಕಾರಣವಾಗುವ ಕೊಳಕುಮಂಡಲವು ಮಲಯಾಳದಲ್ಲಿ ಅಣಲಿ, ತಮಿಳಿನಲ್ಲಿ ಕಣ್ಣಾಡಿ ವಿರಿಯನ್, ತೆಲುಗಿನಲ್ಲಿ ರಕ್ತಪಿಂಜರಿ, ಮರಾಠಿಯಲ್ಲಿ ಘೋಣಸ್. ತಾವಿರುವ ರಾಜ್ಯದ ಭಾಷೆಯಲ್ಲಿ ಈ ಎರಡು ಹೆಸರುಗಳನ್ನಾದರೂ ಮಕ್ಕಳು ಬಾಯಿಪಾಠ ಮಾಡಿಕೊಂಡಿರಬೇಕು. ತುರ್ತಿನ ಹೊತ್ತಿನಲ್ಲಿ ಎದುರಿಗಿರುವವರಿಗೆ ಅರ್ಥವಾಗುವ ಹೆಸರನ್ನು ಹೇಳಲು ಬರುವುದೂ ಒಂದು ರಕ್ಷಣೆಯೇ.

ಹೆಬ್ಬಾವಿನ ಮರಿಯ ಲಕ್ಷಣಗಳು

ನಮ್ಮ ನಾಡಿನ ಹೆಬ್ಬಾವಿನ ವೈಜ್ಞಾನಿಕ ಹೆಸರು ಪೈಥಾನ್ ಮೊಲೂರಸ್. ಹೆಣ್ಣು ಹಾವು ಬೇಸಗೆಯಲ್ಲಿ ಮೊಟ್ಟೆಯಿಟ್ಟು, ಅವುಗಳ ಸುತ್ತ ಸುರುಳಿ ಸುತ್ತಿ ಕಾವು ಕೊಡುತ್ತದೆ. ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ ಶಾಖವನ್ನು ಉಂಟುಮಾಡಬಲ್ಲ ಅಪರೂಪದ ಹಾವು ಇದು. ಮರಿಗಳು ಹೊರಬಂದ ಮೇಲೆ ತಾಯಿಯ ಆರೈಕೆ ಇರುವುದಿಲ್ಲ. ಮೊದಲ ದಿನದಿಂದಲೇ ಅವು ಸ್ವತಂತ್ರ. ಅವುಗಳನ್ನು ಈ ಕೆಳಗಿನ ಲಕ್ಷಣಗಳಿಂದ ಗುರುತಿಸಬಹುದು.

ಉದ್ದ: ಆಗತಾನೆ ಮೊಟ್ಟೆಯೊಡೆದ ಮರಿ 45ರಿಂದ 60 ಸೆಂಟಿಮೀಟರ್, ಅಂದರೆ ಒಂದು ಮೊಳ ಅಥವಾ ಅದಕ್ಕಿಂತ ತುಸು ಹೆಚ್ಚು ಇರುತ್ತದೆ.

ಮೈಮೇಲಿನ ಗುರುತು: ಹಳದಿ ಅಥವಾ ಬೂದು ಛಾಯೆಯ ಮೈಮೇಲೆ ಅಂಚು ಗಾಢವಾದ ದೊಡ್ಡ ಕಂದು ಮಚ್ಚೆಗಳು. ಒಂದು ಮಚ್ಚೆಯ ಆಕಾರ ಇನ್ನೊಂದಕ್ಕಿಲ್ಲ. ಒಡೆದ ಹೆಂಚಿನ ತುಂಡುಗಳನ್ನು ಜೋಡಿಸಿಟ್ಟಂತೆ ಕಾಣುತ್ತವೆ.

ಹುರುಪೆ: ನಯವಾಗಿ, ಹೊಳಪಿನಿಂದ ಕೂಡಿರುತ್ತದೆ.

ತಲೆ: ತಲೆಯ ಮೇಲೆ ಭರ್ಜಿಯ ಮೊನೆಯಂತಹ ಗುರುತು. ತುಟಿಯಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳು. ಇವು ಬೇಟೆಯ ಮೈಬಿಸಿಯನ್ನು ಗ್ರಹಿಸುವ ಅಂಗಗಳು. ಕತ್ತಲಲ್ಲಿಯೂ ಇಲಿಯ ಇರವು ಹಾವಿಗೆ ತಿಳಿಯುವುದು ಇವುಗಳಿಂದ.

ಕಾಲಿನ ಕುರುಹು: ಗುದದ್ವಾರದ ಇಕ್ಕೆಲಗಳಲ್ಲಿ ಉಗುರಿನಂತಹ ಎರಡು ಸಣ್ಣ ಕೊಕ್ಕೆಗಳಿರುತ್ತವೆ. ಹಾವಿನ ಪೂರ್ವಜರಿಗೆ ಕಾಲುಗಳಿದ್ದುದರ ಗುರುತು ಇದು. ಪಾಠಕ್ಕೆ ಇದು ಸೊಗಸಾದ ಉದಾಹರಣೆ. ಆದರೆ ಇದನ್ನು ನೋಡುವ ಆಸೆಯಿಂದ ಯಾರೂ ಹಾವನ್ನು ಹಿಡಿಯಕೂಡದು.

ಕೊಳಕುಮಂಡಲದೊಂದಿಗೆ ಹೋಲಿಕೆ

ಕೊಳಕುಮಂಡಲ ಮೊಟ್ಟೆಯಿಡದೆ ಮರಿ ಹಾಕುವ ಹಾವು. ಅದರ ಎಳೆಯ ಮರಿ ಸುಮಾರು ಒಂದು ಗೇಣು, ಅಂದರೆ 20ರಿಂದ 26 ಸೆಂಟಿಮೀಟರ್ ಇರುತ್ತದೆ. ಇದರಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ: ಗೇಣುದ್ದದ ಮಚ್ಚೆಯ ಹಾವು ಹೆಬ್ಬಾವಿನ ಮರಿಯಾಗಿರಲು ಸಾಧ್ಯವಿಲ್ಲ. ಆದರೆ ಮೊಳದುದ್ದದ ಹಾವೆಲ್ಲ ಹೆಬ್ಬಾವೂ ಅಲ್ಲ. ಬೆಳೆದ ಕೊಳಕುಮಂಡಲ ಅದಕ್ಕಿಂತ ಉದ್ದವಿರುತ್ತದೆ. ಆದ್ದರಿಂದ ಉದ್ದವೊಂದನ್ನೇ ನಂಬಿ ‘ಇದು ವಿಷವಿಲ್ಲದ್ದು’ ಎಂದು ತೀರ್ಮಾನಿಸುವಂತಿಲ್ಲ.

ಕೊಳಕುಮಂಡಲದ ಬೆನ್ನಿನ ಮೇಲೆ ಮೂರು ಸಾಲುಗಳಲ್ಲಿ ದುಂಡನೆಯ ಅಥವಾ ಮೊಟ್ಟೆಯಾಕಾರದ ಮಚ್ಚೆಗಳಿರುತ್ತವೆ. ಅವು ಸರಪಳಿಯ ಕೊಂಡಿಗಳಂತೆ ಕ್ರಮಬದ್ಧ. ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರಾಚೆ ಹಲವೊಮ್ಮೆ ಬಿಳಿ ಅಂಚು. ಹುರುಪೆಗಳ ನಡುವೆ ಎದ್ದ ಗೆರೆಯಿರುವುದರಿಂದ ಮೈ ಒರಟಾಗಿ, ಮಂಕಾಗಿ ಕಾಣುತ್ತದೆ. ತಲೆ ತ್ರಿಕೋನಾಕಾರ, ಕತ್ತು ಸಪೂರ. ಕೆಣಕಿದರೆ ಪ್ರೆಷರ್ ಕುಕ್ಕರಿನಂತೆ ದೊಡ್ಡದಾಗಿ ಬುಸುಗುಟ್ಟುತ್ತದೆ. ಹೆಬ್ಬಾವೂ ಬುಸುಗುಟ್ಟುತ್ತದೆಯಾದ್ದರಿಂದ ಶಬ್ದವೊಂದೇ ಆಧಾರವಾಗದು.

ಸಂಕ್ಷೇಪವಾಗಿ ಹೇಳುವುದಾದರೆ, ಅಡ್ಡಾದಿಡ್ಡಿ ಮಚ್ಚೆ ಮತ್ತು ಹೊಳೆಯುವ ನಯವಾದ ಮೈ ಹೆಬ್ಬಾವಿನ ಲಕ್ಷಣ. ಸರಪಳಿಯಂತಹ ಮಚ್ಚೆ ಮತ್ತು ಒರಟಾದ ಮಂಕು ಮೈ ಕೊಳಕುಮಂಡಲದ ಲಕ್ಷಣ. ಕೊಳಕುಮಂಡಲದ ಮರಿಗೂ ಹುಟ್ಟಿನಿಂದಲೇ ವಿಷವಿರುತ್ತದೆ. ಅನುಮಾನವಿರುವಾಗ ವಿಷದ ಹಾವೆಂದೇ ಭಾವಿಸಿ ದೂರ ಸರಿಯಬೇಕು.

ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ರಾಯದುರ್ಗದಂತಹ ಒಣಸೀಮೆಯಲ್ಲಿ ಮೂರನೆಯದೊಂದು ಹಾವನ್ನೂ ನೆನಪಿಡಬೇಕು. ಅದು ಮಣ್ಣುಮುಕ್ಕ ಹಾವುಗಳ ಪೈಕಿ ಮಚ್ಚೆಯಿರುವ ಜಾತಿ. ವಿಷವಿಲ್ಲ. ತಲೆ ಮತ್ತು ಕತ್ತಿನ ನಡುವೆ ಹೆಚ್ಚಿನ ವ್ಯತ್ಯಾಸ ಕಾಣದು, ಕಣ್ಣು ಚಿಕ್ಕದು, ಬಾಲ ಮೊಂಡು. ಅದರ ಮೈ ಕೂಡ ಒರಟಾಗಿರುವುದರಿಂದ ಜನರು ಅದನ್ನು ಕೊಳಕುಮಂಡಲವೆಂದು ತಿಳಿದು ಕೊಲ್ಲುವುದುಂಟು. ಇದಕ್ಕಿಂತ ಕೆಟ್ಟದ್ದು, ಕೊಳಕುಮಂಡಲವನ್ನು ಮಣ್ಣುಮುಕ್ಕವೆಂದು ತಿಳಿದು ಕೈಗೆತ್ತಿಕೊಳ್ಳುವುದು.

ಕಾಡಿನಲ್ಲಿ ಮರಿಯ ಆಹಾರ

ಹೆಬ್ಬಾವು ಅಗಿದು ತಿನ್ನುವುದಿಲ್ಲ. ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಮರಿಗಳ ಆಹಾರ ಸಣ್ಣ ಇಲಿ, ಕಪ್ಪೆ, ಹಲ್ಲಿ ಮತ್ತು ಚಿಕ್ಕ ಹಕ್ಕಿ. ಹಲ್ಲುಗಳಿಂದ ಕಚ್ಚಿ ಹಿಡಿದು, ಮೈಯನ್ನು ಸುರುಳಿ ಸುತ್ತಿ ಬಿಗಿಯುತ್ತದೆ. ಬಿಗಿತದಿಂದ ಉಸಿರು ಕಟ್ಟಿ ಪ್ರಾಣಿ ಸಾಯುತ್ತದೆಂದು ಬಹುಕಾಲ ನಂಬಲಾಗಿತ್ತು. ಆದರೆ ಬೋವಾ ಹಾವಿನ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವು, ಬಿಗಿತದಿಂದ ಬೇಟೆಯ ರಕ್ತಸಂಚಾರವೇ ಕ್ಷಣಗಳಲ್ಲಿ ಕುಸಿಯುವುದನ್ನು ತೋರಿಸಿತು.

ಇಡೀ ಪ್ರಾಣಿಯನ್ನು ನುಂಗುವುದರಲ್ಲಿಯೇ ಹಾವಿನ ಪೋಷಣೆಯ ಗುಟ್ಟಿದೆ. ಮೂಳೆಯಿಂದ ಸುಣ್ಣದ ಅಂಶ, ಯಕೃತ್ತಿನಿಂದ ಜೀವಸತ್ವ, ಮಾಂಸದಿಂದ ಪ್ರೋಟೀನು ದೊರೆಯುತ್ತವೆ. ಹಾಲು ಹಾವಿನ ಆಹಾರವಲ್ಲ. ಅದನ್ನು ಜೀರ್ಣಿಸಿಕೊಳ್ಳುವ ಶಕ್ತಿ ಸರೀಸೃಪಗಳಿಗಿಲ್ಲ. ಬಾಯಾರಿದ ಹಾವು ಎದುರಿಗಿಟ್ಟ ಯಾವ ದ್ರವವನ್ನಾದರೂ ಹೀರಬಹುದು, ಅಷ್ಟೆ. ನಾಗರಪಂಚಮಿಯ ಭಕ್ತಿಯನ್ನು ಕಲ್ಲಿನ ನಾಗನಿಗೆ ಸಲ್ಲಿಸೋಣ. ಜೀವಂತ ಹಾವಿಗೆ ಹಾಲೆರೆಯುವುದು ಬೇಡ.

ಸಾಕಬಹುದೇ? ಕಾನೂನು ಏನು ಹೇಳುತ್ತದೆ?

ನಮ್ಮ ನಾಡಿನ ಹೆಬ್ಬಾವನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದು ಸೇರಿದೆ. ಈ ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಬೇಟೆಯೇ. ತಪ್ಪಿತಸ್ಥರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ‘ಮರಿ ಹಸಿದಿತ್ತು, ನಾಲ್ಕು ದಿನ ಆಹಾರ ಕೊಟ್ಟು ಬಿಡೋಣವೆಂದಿದ್ದೆವು’ ಎಂಬ ಸದುದ್ದೇಶವು ಕಾನೂನಿನ ಮುಂದೆ ನಿಲ್ಲದು. ಕಾಯ್ದೆ ಇಡೀ ದೇಶಕ್ಕೆ ಒಂದೇ. ಗಡಿ ದಾಟಿದ ಮಾತ್ರಕ್ಕೆ ಬದಲಾಗುವುದಿಲ್ಲ.

ಕೆಲವರು ಸಾಕುತ್ತಿರುವುದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಚಿಕ್ಕ ಜಾತಿಯನ್ನು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಗಾಢ ಕಂದು ಮೈಮೇಲೆ ದುಂಡನೆಯ ತಿಳಿಕಂದು ಮಚ್ಚೆಗಳು ಅದರ ಸಹಜ ರೂಪ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಇಂತಹ ಜೀವಿಗಳನ್ನು ಹೊಂದಿದವರು, 2024ರಲ್ಲಿ ಜಾರಿಗೆ ಬಂದ ಕೇಂದ್ರ ನಿಯಮಗಳಂತೆ 30 ದಿನಗಳೊಳಗೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ದಾಖಲೆಯಿಲ್ಲದೆ ಮಾರುವವರಿಂದ ಕೊಳ್ಳುವುದು ತೊಂದರೆಯನ್ನು ಮನೆಗೆ ಕರೆದುತಂದಂತೆ. ಬಾಲ್ ಪೈಥಾನ್ ಚೆನ್ನಾಗಿ ಸಾಕಿದರೆ 20 ವರ್ಷಗಳಿಗೂ ಮೀರಿ ಬದುಕುತ್ತದೆ. ಐದನೆಯ ತರಗತಿಯ ಮಗುವಿನ ಹಟಕ್ಕೆ ತಂದ ಹಾವು ಆ ಮಗುವಿನ ಮದುವೆಯ ಕಾಲದಲ್ಲಿಯೂ ಮನೆಯಲ್ಲಿರುತ್ತದೆ.

ನೋಂದಾಯಿತ ಬಾಲ್ ಪೈಥಾನ್ ಮರಿಯ ಆಹಾರಕ್ರಮ

ಎಲ್ಲಿ ಈಗಾಗಲೇ ಕಾನೂನುಬದ್ಧವಾಗಿ ಸಾಕಲಾಗುತ್ತಿದೆಯೋ ಅಲ್ಲಿ ಹಾವು ಉಪವಾಸದಿಂದಲೋ ಅಜ್ಞಾನದಿಂದಲೋ ನರಳಬಾರದು. ಮುಖ್ಯ ನಿಯಮಗಳಿವು.

1. ಆಹಾರ ಇಡಿಯಾದ ಇಲಿಯಾಗಿರಬೇಕು. ಕೋಳಿಮಾಂಸದ ತುಂಡು, ಅನ್ನ, ಹಾಲು ಸಲ್ಲವು.

2. ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ತೂಕದಲ್ಲಿ ಹೇಳುವುದಾದರೆ, ಮರಿಯ ತೂಕದ ಶೇಕಡ 10ರಿಂದ 15. ಅಂದರೆ 60 ಗ್ರಾಂ ತೂಗುವ ಮರಿಗೆ 6ರಿಂದ 9 ಗ್ರಾಂ ತೂಕದ ಇಲಿಮರಿ.

3. ಎಳೆಯ ಮರಿಗೆ 5ರಿಂದ 7 ದಿನಗಳಿಗೊಮ್ಮೆ ಆಹಾರ. ಬೆಳೆದಂತೆ ಅಂತರವನ್ನು 10ರಿಂದ 14 ದಿನಗಳಿಗೆ ಹೆಚ್ಚಿಸಬೇಕು. ದಿನವೂ ಉಣಿಸುವ ಅಕ್ಕರೆ ಹಾವಿಗೆ ಕೇಡು.

4. ಜೀವಂತ ಇಲಿಯನ್ನು ಬಿಡಬಾರದು; ಹಾವಿನ ಕಣ್ಣನ್ನೂ ಮೈಯನ್ನೂ ಅದು ಕಚ್ಚಿ ಗಾಯಗೊಳಿಸಬಲ್ಲದು. ಶೀತಲೀಕರಿಸಿದ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಉದ್ದನೆಯ ಚಿಮುಟದಿಂದ ಒಡ್ಡಬೇಕು. ಮೈಕ್ರೋವೇವ್ ಒಲೆ ಬಳಸಬಾರದು.

5. ಮನೆಯಲ್ಲಿ ಅಥವಾ ತೋಟದಲ್ಲಿ ಬಲೆಗೆ ಬಿದ್ದ ಇಲಿಯನ್ನು ಕೊಡಬಾರದು. ಅದು ಇಲಿಪಾಷಾಣ ತಿಂದಿರಬಹುದು, ರೋಗಾಣುಗಳನ್ನೂ ಹೊತ್ತಿರಬಹುದು.

6. ಉಂಡ ಹಾವನ್ನು 48 ಗಂಟೆ ಮುಟ್ಟಬಾರದು. ಹಾವಿಗೆ ತನ್ನದೇ ಮೈಶಾಖವಿಲ್ಲ. ಗೂಡಿನ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇಲ್ಲದಿದ್ದರೆ ಆಹಾರ ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ನೀಲಗಿರಿ, ವಯನಾಡಿನಂತಹ ತಂಪು ಊರುಗಳಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ಮಾತು.

7. ಪೊರೆ ಬಿಡುವ ಮುನ್ನ ಕಣ್ಣು ನೀಲಿಗಟ್ಟುತ್ತದೆ. ಆಗ ಹಾವು ಆಹಾರ ಒಲ್ಲದಿರುವುದು ಸಹಜ. ಬಲವಂತವಾಗಿ ತುರುಕಬಾರದು. ಶಾಖ ಸರಿಯಿದೆಯೇ, ಅಡಗುವ ಜಾಗವಿದೆಯೇ ಎಂದು ನೋಡಬೇಕು. ನುಂಗಿದ್ದನ್ನು ಕಕ್ಕಿದರೆ 10ರಿಂದ 14 ದಿನ ಬಿಡುವು ಕೊಟ್ಟು, ಬಳಿಕ ಚಿಕ್ಕ ಇಲಿಯಿಂದ ಆರಂಭಿಸಬೇಕು. ಮರುಕಳಿಸಿದರೆ ಅಥವಾ ತೂಕ ಇಳಿಯುತ್ತ ಹೋದರೆ ಪಶುವೈದ್ಯರನ್ನು ಕಾಣಬೇಕು.

8. ಶುದ್ಧ ನೀರು ಸದಾ ಇರಬೇಕು. ಸರೀಸೃಪಗಳ ಮೈಯಿಂದ ಸಾಲ್ಮೊನೆಲ್ಲಾ ರೋಗಾಣು ಹರಡಬಹುದು. ಆದ್ದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಬೇಕು.

ಹೊರಗೆ ಮರಿ ಕಂಡಾಗ

ಮಕ್ಕಳನ್ನು ಹಿಂದೆ ಸರಿಸಿ, ದೂರದಿಂದ ಹಾವಿನ ಮೇಲೆ ಕಣ್ಣಿಟ್ಟಿರಬೇಕು. ಕಲ್ಲೆಸೆಯುವುದು, ಸೀಮೆಎಣ್ಣೆ ಸುರಿಯುವುದು, ಚೀಲಕ್ಕೆ ತುಂಬುವುದು ಬೇಡ. ಹತ್ತಿರದ ಅರಣ್ಯ ಕಚೇರಿಗೆ ತಿಳಿಸಬೇಕು. ಕೇರಳದಲ್ಲಿ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಮೂಲಕ ತರಬೇತಿ ಪಡೆದ ಹಾವು ಹಿಡಿಯುವವರನ್ನು ಸಂಪರ್ಕಿಸಬಹುದು.

ಯಾವ ಹಾವೇ ಕಚ್ಚಿರಲಿ, ‘ಹೆಬ್ಬಾವಿನ ಮರಿ, ಏನಾಗದು’ ಎಂದು ಮನೆಯಲ್ಲಿ ಕಾಯುವುದು ಪ್ರಾಣಕ್ಕೆ ಎರವಾದೀತು. ಕಚ್ಚಿದ ಭಾಗವನ್ನು ಅಲುಗಾಡಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಬಾಯಿಂದ ಹೀರದೆ, 108ಕ್ಕೆ ಕರೆಮಾಡಿ, ಹಾವಿನ ವಿಷಕ್ಕೆ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಕೊಂದು ತರಬೇಕಾಗಿಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷವನ್ನು ನೀಡಲಾಗುತ್ತದೆ.

ನಮ್ಮ ಭಾಷೆಯಲ್ಲಿ ಎಚ್ಚರಿಕೆ

ಹಾವಿನ ಚಿತ್ರವಿರುವ ಫಲಕದ ಕೆಳಗಿನ ನಾಲ್ಕು ಸಾಲುಗಳನ್ನು ಮಗು ಓದಲಾರದಿದ್ದರೆ ಆ ಫಲಕದಿಂದ ಪ್ರಯೋಜನವಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸಲು 1969ರ ಕೇರಳದ ಆಡಳಿತ ಭಾಷಾ ಕಾನೂನು ಅವಕಾಶ ನೀಡಿದೆ. ಕಾಸರಗೋಡಿನ ಶಾಲೆಗಳ ಪೋಷಕ ಸಂಘಗಳು ಅರಣ್ಯ ಮತ್ತು ಆರೋಗ್ಯ ಇಲಾಖೆಗಳಿಗೆ ಕನ್ನಡದ ಫಲಕ, ಕನ್ನಡದ ಕರಪತ್ರಗಳನ್ನು ಕೋರಿ ಬರೆಯಬೇಕು. ಉಳಿದ ರಾಜ್ಯಗಳ ಕನ್ನಡ ಶಾಲೆಗಳೂ ಇದೇ ಬೇಡಿಕೆಯನ್ನು ಮುಂದಿಡಲಿ. ಅದು ಬರುವವರೆಗೆ, ಮೇಲಿನ ಲಕ್ಷಣಗಳನ್ನೂ ಎರಡು ಭಾಷೆಗಳ ಹೆಸರುಗಳನ್ನೂ ದಪ್ಪ ಕಾಗದದ ಮೇಲೆ ಮಕ್ಕಳಿಂದಲೇ ಬರೆಯಿಸಿ ತರಗತಿಯ ಗೋಡೆಗೆ ಹಚ್ಚಬಹುದು. ಮಳೆಗಾಲ ಆರಂಭವಾಗುವ ಮೊದಲೇ ಈ ಕೆಲಸ ಮುಗಿದಿರಲಿ.