ನೀರಿನ ನೆರವಿನಿಂದಲೇ ನೀರಿಗೆ ತಡೆ

ಮಳೆಗಾಲದಲ್ಲಿ ಸೋರುವ ತಾರಸಿಯ ಕೆಳಭಾಗವನ್ನು ಗಮನಿಸಿದ್ದೀರಾ? ಬಿರುಕಿನ ಉದ್ದಕ್ಕೂ ಬಿಳಿಯ ಪದಾರ್ಥ ಕಟ್ಟಿಕೊಂಡಿರುತ್ತದೆ. ಕಾಂಕ್ರೀಟಿನೊಳಗಿನ ಸುಣ್ಣ ನೀರಿನಲ್ಲಿ ಕರಗಿ ಹೊರಬಂದು, ಗಾಳಿಯ ಕಾರ್ಬನ್ ಡೈಆಕ್ಸೈಡ್‌ನೊಡನೆ ವರ್ತಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುತ್ತದೆ. ಹೀಗೆ ಸೋರಿಹೋಗುವ ಸುಣ್ಣವನ್ನೇ ನೀರು ತಡೆಯಲು ಬಳಸಬಹುದೆ? ಈ ಪ್ರಶ್ನೆಯ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಬರಿಯ ಸುಣ್ಣದ ಗಾರೆ ನೀರಿನೊಳಗೆ ಗಟ್ಟಿಯಾಗದು. ರೋಮನ್ನರು ಅದಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಸಮುದ್ರದಲ್ಲೇ ಬಂದರುಗಳನ್ನು ಕಟ್ಟಿದರು. ಬೂದಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಸಂಯುಕ್ತವಾಗುತ್ತಿತ್ತು. 1756ರಲ್ಲಿ ಎಡ್ಡಿಸ್ಟೋನ್ ದೀಪಸ್ತಂಭದ ಕೆಲಸ ಕೈಗೊಂಡ ಇಂಗ್ಲೆಂಡಿನ ಜಾನ್ ಸ್ಮೀಟನ್, ಹಲವು ಬಗೆಯ ಸುಣ್ಣಗಳನ್ನು ಪರೀಕ್ಷಿಸಿದರು. ಜೇಡಿಮಣ್ಣಿನ ಅಂಶವಿರುವ ಸುಣ್ಣಕಲ್ಲಿನಿಂದ ಪಡೆದ ಸುಣ್ಣ ನೀರಿನಲ್ಲೂ ಗಟ್ಟಿಯಾಗುವುದೆಂದು ಕಂಡುಕೊಂಡರು. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. 1911ರಲ್ಲಿ ಆರಂಭವಾದ ನಮ್ಮ ಕೃಷ್ಣರಾಜಸಾಗರಕ್ಕೆ ಬಳಸಿದ್ದು ಸುರ್ಕಿ ಗಾರೆ, ಅಂದರೆ ಸುಣ್ಣ ಮತ್ತು ಸುಟ್ಟ ಜೇಡಿಮಣ್ಣಿನ ಪುಡಿಯ ಮಿಶ್ರಣ. ಎಲ್ಲೆಡೆಯೂ ತತ್ತ್ವ ಒಂದೇ.

ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳು ಬಂದ ಮೇಲೆ ಹೊಸ ಅಪಾಯ ಎದುರಾಯಿತು. ಸಿಮೆಂಟಿನ ರಾಸಾಯನಿಕ ಕ್ರಿಯೆಗೆ ಅದರ ತೂಕದ ಸುಮಾರು ಕಾಲುಭಾಗ ನೀರು ಸಾಕು. ಹೆಚ್ಚುವರಿ ನೀರು ಆವಿಯಾಗಿ, ಕಣ್ಣಿಗೆ ಕಾಣದ ಲೋಮನಾಳಗಳನ್ನು ಉಳಿಸುತ್ತದೆ. ಅವುಗಳ ಮೂಲಕ ನೀರು, ಲವಣಗಳು ಸರಳನ್ನು ತಲುಪಿದರೆ ಅದು ತುಕ್ಕು ಹಿಡಿಯುತ್ತದೆ. ಉಕ್ಕಿಗಿಂತ ತುಕ್ಕಿನ ಗಾತ್ರ ಹೆಚ್ಚಾದ್ದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಮೇಲೆ ಬಳಿದ ಡಾಂಬರಿನ ಪದರ ಕಿತ್ತುಹೋದರೆ ರಕ್ಷಣೆಯೂ ಹೋಯಿತು.

1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ ಹರಳು ವಿಧಾನ ಬೇರೆಯೇ ದಾರಿ ಹಿಡಿಯಿತು. ಸಿಮೆಂಟು, ನುಣುಪು ಮರಳು ಹಾಗೂ ಕ್ರಿಯಾಶೀಲ ರಾಸಾಯನಿಕಗಳ ಪುಡಿಯನ್ನು ನೀರಿನಲ್ಲಿ ಕಲಸಿ, ಒದ್ದೆ ಕಾಂಕ್ರೀಟಿಗೆ ಬಳಿಯುತ್ತಾರೆ. ರಾಸಾಯನಿಕಗಳು ಲೋಮನಾಳಗಳಲ್ಲಿರುವ ನೀರಿನ ಮೂಲಕವೇ ಒಳಸೇರಿ, ಅಲ್ಲಿನ ಸುಣ್ಣ ಹಾಗೂ ಕ್ರಿಯೆಗೊಳ್ಳದೆ ಉಳಿದ ಸಿಮೆಂಟಿನ ಕಣಗಳೊಡನೆ ವರ್ತಿಸುತ್ತವೆ. ಸೂಜಿಯಂಥ ಕರಗದ ಹರಳುಗಳು ಬೆಳೆದು ನಾಳಗಳನ್ನು ಮುಚ್ಚುತ್ತವೆ. ಒಣಗಿದಾಗ ಕ್ರಿಯೆ ನಿಲ್ಲುತ್ತದೆ; ಮತ್ತೆ ನೀರು ಹೊಕ್ಕಾಗ ಮುಂದುವರಿಯುತ್ತದೆ. ಕೂದಲೆಳೆಯಂಥ ಬಿರುಕುಗಳು ಹೀಗೆ ತಾವೇ ಮುಚ್ಚಿಕೊಳ್ಳಬಲ್ಲವು.

ಆದರೆ ಇದು ಸರ್ವರೋಗ ನಿವಾರಕವಲ್ಲ. ಅಗಲವಾದ ಬಿರುಕು, ಬಿಸಿಲು-ಚಳಿಗೆ ಹಿಗ್ಗಿ ಕುಗ್ಗುವ ಸಂದುಗಳಿಗೆ ಬೇರೆ ಉಪಾಯ ಬೇಕು. ಕಳಪೆ ಕಾಂಕ್ರೀಟನ್ನು ಯಾವ ಹರಳೂ ಒಳ್ಳೆಯದಾಗಿಸದು. ಮುಂದೆ ನಿಮ್ಮ ಮನೆಗೋ ಶಾಲೆಗೋ ತಾರಸಿ ಹಾಕುವಾಗ ಎರಡನ್ನು ಗಮನಿಸಿ: ಕಲಸುವಾಗ ಅಳತೆ ಮೀರಿ ನೀರು ಸುರಿಯುತ್ತಿದ್ದಾರೆಯೇ? ಗಟ್ಟಿಯಾದ ಮೇಲೆ ಸಾಕಷ್ಟು ದಿನ ನೀರುಣಿಸುತ್ತಿದ್ದಾರೆಯೇ? ಸೋರಿಕೆಯ ಮೊದಲ ತಡೆ ಅಲ್ಲೇ ಇದೆ.