ಮಾದಪ್ಪನ ಬೆಟ್ಟಕ್ಕೆ ಹೊರಟ ಪರಸೆ

1956ರ ನವೆಂಬರ್ 1ರವರೆಗೆ ಮಳವಳ್ಳಿಯ ರೈತ ಮಾದಪ್ಪನ ಬೆಟ್ಟಕ್ಕೆ, ಅಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ, ಹೋಗಬೇಕಾದರೆ ರಾಜ್ಯವನ್ನೇ ದಾಟಬೇಕಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ಈಚೆ ದಡ ಮೈಸೂರಿನದು. ಆಚೆಯ ಕೊಳ್ಳೇಗಾಲ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಯಾತ್ರೆ ಹೊರಟ ಪರಸೆಗಳು ಈ ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಂಡಂತಿಲ್ಲ. ಅವರ ಪಾಲಿಗೆ ಅದು ಹೊಳೆ, ಅಷ್ಟೆ.

ಹೊಳೆ ದಾಟಲು ಸೇತುವೆಯಿತ್ತು. ಜಾಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೇ ಶತಮಾನದಲ್ಲಿ ಹಳೆಯ ಕಲ್ಲುಕಂಬದ ಸೇತುವೆಗಳನ್ನು ಎತ್ತಿ ನಿಲ್ಲಿಸಿದ್ದರು. ಅವುಗಳಲ್ಲೊಂದಾದ ವೆಸ್ಲಿ ಸೇತುವೆಯ ಒಂದು ಭಾಗವನ್ನು 2018ರ ಪ್ರವಾಹ ಕೊಚ್ಚಿಕೊಂಡು ಹೋಯಿತು.

ಹಿಮಾಲಯ ಹತ್ತುವವರಿಗೆ ಈ ಬೆಟ್ಟ ಲೆಕ್ಕಕ್ಕಿಲ್ಲ. ದೇವಸ್ಥಾನ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ. ಎತ್ತರದ ಬೇನೆ ಕಾಡಲು ಸಾಮಾನ್ಯವಾಗಿ 8,000 ಅಡಿ ದಾಟಬೇಕು. ಆದರೆ ಮಂಡ್ಯದಿಂದ ಮಳವಳ್ಳಿ, ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ತಾಳಬೆಟ್ಟದಿಂದ ಮಲೆ ಹತ್ತುವ ಹಾದಿ 130 ಕಿ.ಮೀ. ಆಸುಪಾಸಿನದು. ಪರಸೆ ಹೊರಡುವ ಶಿವರಾತ್ರಿಯ ಹೊತ್ತಿಗೆ ಹಳ್ಳಗಳು ಬತ್ತಿ, ಕಾಡು ಒಣಗಿ ನಿಂತಿರುತ್ತದೆ. ಉಸಿರಿಗಿಂತ ಇಲ್ಲಿ ಪರೀಕ್ಷೆ ಅಂಗಾಲಿಗೆ, ಗಂಟಲಿಗೆ.

ಹಾಗಾಗಿ ತಯಾರಿ ಮೈಯಿಂದಲ್ಲ, ಮನೆಯಿಂದ ಶುರುವಾಗುತ್ತಿತ್ತು. ಹರಕೆ ಹೊತ್ತ ಮನೆಯಲ್ಲಿ ಬಾಡೂಟ ನಿಂತಿತು, ಒಲೆಯ ಸುತ್ತ ಸಾರಿಸಿದರು, ಹರಕೆ ಹೊತ್ತವರು ಒಪ್ಪೊತ್ತು ಹಿಡಿದರು ಎಂದರೆ ಬೆಟ್ಟಕ್ಕೆ ಹೊರಡುತ್ತಾರೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ಮೀಸಲು ಕಾಸು ಬಟ್ಟೆಯಲ್ಲಿ ಕಟ್ಟಾಗುತ್ತಿತ್ತು. ಹಾದಿಗೆ ಹುರಿಹಿಟ್ಟು, ಬೆಲ್ಲ, ಒಣರೊಟ್ಟಿ: ಕೆಡದ್ದು, ಹಗುರಾದದ್ದು. ಇಂದಿನ ಚಾರಣಿಗರು ಚೀಲ ತೂಗಿ ನೋಡುವ ಜಾಣತನ ಆ ಬುತ್ತಿಯಲ್ಲೂ ಇತ್ತು. ಚಪ್ಪಲಿಯ ವಿಷಯದಲ್ಲಿ ಮಾತ್ರ ಆ ಜಾಣತನ ನಡೆಯಲಿಲ್ಲ. ಹರಕೆಯ ಕಾಲು ಬರಿಗಾಲೇ ಆಗಿರಬೇಕು.

ಒಬ್ಬೊಬ್ಬರೇ ಹೊರಡುವ ರೂಢಿಯಿರಲಿಲ್ಲ. ಕಾಡಿನಲ್ಲಿ ಆನೆ, ಚಿರತೆ ಇದ್ದುದರಿಂದ ಪರಸೆ ಗುಂಪಾಗಿಯೇ ಸಾಗಬೇಕಿತ್ತು. ಜೊತೆಗೆ ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿದ್ದರೆ ನಡಿಗೆಗೊಂದು ಲಯ. ಅವರು ಹಾಡುವ ಮಾದಪ್ಪನ ಮಹಾಕಾವ್ಯದಲ್ಲಿ ಆನೆಮಲೆ, ಜೇನುಮಲೆ, ಕಾನುಮಲೆಗಳ ಹೆಸರು ಸಾಲಾಗಿ ಬರುತ್ತವೆ. ಸೋಲಿಗರ ಸಂಕಮ್ಮ, ದೇಗುಲ ಕಟ್ಟಿಸಿದ ಜುಂಜೇಗೌಡ ಎದ್ದು ಬರುತ್ತಾರೆ. ಬೆಟ್ಟ ಕಾಣದ ಮಗುವಿಗೂ ಅಲ್ಲಿನ ಮಲೆಗಳ ಹೆಸರು ಬಾಯಿಪಾಠ. ಪಿ.ಕೆ. ರಾಜಶೇಖರ ಈ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಅಚ್ಚಿಗೆ ತಂದರು. ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಅದೇ ಕಥೆಯನ್ನು ಟೀ ಅಂಗಡಿಗೂ ಟ್ರ್ಯಾಕ್ಟರಿಗೂ ತಲುಪಿಸಿದವು.

ಘಾಟಿ ರಸ್ತೆಗೆ ಬಸ್ಸು ಬಂದ ಮೇಲೆ ನಡಿಗೆ ಅನಿವಾರ್ಯವಾಗಿ ಉಳಿಯಲಿಲ್ಲ. ಆದರೂ ನಿಲ್ಲಲಿಲ್ಲ. ಇದೇ ಬೆಟ್ಟಸಾಲಿನ ಗೋಪಿನಾಥಂನ ಕಾಡುಗಳ್ಳ ವೀರಪ್ಪನ್ 2004ರ ಅಕ್ಟೋಬರ್‌ನಲ್ಲಿ ಸಾಯುವವರೆಗೆ ಈ ಕಾಡೆಂದರೆ ಹೊರಗಿನವರಿಗೆ ದಿಗಿಲು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ಅವನ ಗುಂಪು ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. ಮಾದಪ್ಪನ ಒಕ್ಕಲು ಆ ವರ್ಷಗಳಲ್ಲೂ ಬೆಟ್ಟದ ದಾರಿ ಬಿಡಲಿಲ್ಲ.

ಈಗ ಹಾದಿಯ ಬುತ್ತಿ ಹಗುರಾಗಿದೆ. ಶಿವರಾತ್ರಿಗೆ ಕೊಳ್ಳೇಗಾಲದಿಂದಾಚೆ ದಾನಿಗಳು ಮಜ್ಜಿಗೆ, ಪಾನಕ, ಅನ್ನ ಹಿಡಿದು ರಸ್ತೆಬದಿ ನಿಂತಿರುತ್ತಾರೆ. ಮೇಲೆ ಮುಡಿಸೇವೆ, ಉರುಳುಸೇವೆ, ದೇಗುಲದ ಸುತ್ತ ಕಸ ಗುಡಿಸುವ ರಜಾ ಸೇವೆ ಹಿಂದಿನಂತೆಯೇ ನಡೆದಿವೆ. 2023ರ ಮಾರ್ಚ್‌ನಲ್ಲಿ 108 ಅಡಿಯ ಮಾದಪ್ಪನ ಪ್ರತಿಮೆಯೂ ಎದ್ದಿತು. ಅದಕ್ಕೂ ಮೊದಲೇ, 2013ರಲ್ಲಿ, ಈ ಕಾಡು ವನ್ಯಜೀವಿಧಾಮವಾಗಿತ್ತು. ಯಾವ ಹೊತ್ತಿಗೆ ಹೆಜ್ಜೆ ಇಡಬೇಕೆಂದು ಹಿಂದೆ ಪರಸೆಯ ಹಿರಿಯರು ಹೇಳುತ್ತಿದ್ದರು. ಈಗ ಅರಣ್ಯ ಇಲಾಖೆಯವರ ಮಾತನ್ನೂ ಕೇಳಿಯೇ ತಾಳಬೆಟ್ಟ ಬಿಡಬೇಕು.