ನೆರೆಯವ ಎಂದರೆ ಯಾರು?

ಕಾಸರಗೋಡಿನ ನಮಗೆ ನೆರೆಯವ ಎಂಬ ಮಾತು ಹೊಸತಲ್ಲ. ಒಂದು ಬೇಲಿಯಾಚೆ ಮಲಯಾಳ, ಇನ್ನೊಂದು ಬೇಲಿಯಾಚೆ ತುಳು, ನಡುವೆ ನಮ್ಮ ಕನ್ನಡ. ಅದಕ್ಕೇ ಇರಬೇಕು, ಸ್ಪ್ಯಾನಿಷ್ ಭಾಷೆಯಲ್ಲಿ ನೆರೆಯವನಿಗೆ ‘ವೆಸೀನೊ’ ಅನ್ನುತ್ತಾರೆ ಎಂದು ಓದಿದಾಗ ಆ ಶಬ್ದದ ಬೇರು ಹುಡುಕುವ ಆಸೆಯಾಯಿತು.

ಬೇರು ಇರುವುದು ಲ್ಯಾಟಿನ್‌ನಲ್ಲಿ. ‘ವೀಕುಸ್’ ಅಂದರೆ ಹಳ್ಳಿ, ಇಲ್ಲವೇ ಪಟ್ಟಣದೊಳಗಿನ ಕೇರಿ. ಕೇರಿಯವನು ‘ವೀಕೀನುಸ್’. ರೋಮನ್ನರ ಆಳ್ವಿಕೆ ಹೋದಮೇಲೂ ಆ ಮಾತು ಸ್ಪೇನಿನ ಜನರ ಬಾಯಲ್ಲಿ ಉಳಿದು, ಸವೆದು, ವೆಸೀನೊ ಆಯಿತು.

ಇಂಗ್ಲಿಷಿಗೆ ಇದೇ ಬೇರು ಎರಡು ಸಲ ಬಂತು. ಮೊದಲ ಸಲ ಕಿವಿಯ ದಾರಿಯಲ್ಲಿ. ರೋಮನ್ನರು ಈ ‘ವ’ವನ್ನು ತುಟಿ ದುಂಡಗೆ ಮಾಡಿ, ಇಂಗ್ಲಿಷಿನ ಡಬ್ಲ್ಯೂ ಹಾಗೆ ನುಡಿಯುತ್ತಿದ್ದರು. ಹಳೆಯ ಇಂಗ್ಲಿಷಿನವರು ಕೇಳಿದ ಹಾಗೆಯೇ ತೆಗೆದುಕೊಂಡರು. ರೇಖಾಂಶದ ಪಾಠದಲ್ಲಿ ಮಕ್ಕಳು ಓದುವ ಗ್ರೀನ್‌ವಿಚ್ ಇದೆಯಲ್ಲ, ಅದರ ಬಾಲದಲ್ಲಿರುವ ‘ವಿಚ್’ ಇದೇ ವೀಕುಸ್. ಎರಡನೆಯ ಸಲ ಪುಸ್ತಕದ ದಾರಿಯಲ್ಲಿ, 16ನೇ ಶತಮಾನದಲ್ಲಿ, ‘ವಿಸಿನಿಟಿ’ ಬಂತು, ಅಂದರೆ ಆಸುಪಾಸು.

ದೂರದ ನಂಟರೂ ಇದ್ದಾರೆ. ಗ್ರೀಕಿನಲ್ಲಿ ‘ಒಯ್ಕೊಸ್’ ಅಂದರೆ ಮನೆ, ಅದರಿಂದ ಇಕಾನಮಿ. ವೇದದ ಸಂಸ್ಕೃತದಲ್ಲಿ ‘ವಿಶ್’ ಅಂದರೆ ನೆಲೆನಿಂತ ಜನ, ಅದರಿಂದ ವೈಶ್ಯ. ನಮ್ಮ ‘ನೆರೆ’ ಮಾತ್ರ ಈ ಬಳಗದ್ದಲ್ಲ, ಅದು ದ್ರಾವಿಡ ಬೇರಿನದು.

ಶಬ್ದಕ್ಕಿಂತ ಅದರ ಅರ್ಥ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಹಳೆಯ ಸ್ಪೇನಿನಲ್ಲಿ ವೆಸೀನೊ ಎಂದರೆ ಊರಿನ ಹುಲ್ಲುಗಾವಲಲ್ಲಿ, ಕಾಡಲ್ಲಿ ಪಾಲು ಇರುವವನು. ಊರಿನ ತೆರಿಗೆಗೂ ಹೆಗಲು ಕೊಡುವವನು. ಆಗಿನ ಗಣತಿಗಳಲ್ಲಿ ತಲೆ ಎಣಿಸುತ್ತಿರಲಿಲ್ಲ, ವೆಸೀನೊಗಳನ್ನು, ಅಂದರೆ ಮನೆಯೊಡೆಯರನ್ನು ಎಣಿಸುತ್ತಿದ್ದರು. ಆದ್ದರಿಂದ ಇತಿಹಾಸಕಾರರು ಆ ಸಂಖ್ಯೆಯನ್ನು ನಾಲ್ಕರಿಂದಲೋ ಐದರಿಂದಲೋ ಗುಣಿಸಿ ಜನಸಂಖ್ಯೆ ಅಂದಾಜು ಮಾಡುತ್ತಾರೆ. ಸ್ಪೇನಿನ 1985ರ ಸ್ಥಳೀಯ ಆಡಳಿತ ಕಾನೂನಿನ ಪ್ರಕಾರವೂ ಊರಿನ ನಿವಾಸಿಗಳ ಪಟ್ಟಿಯಲ್ಲಿ ಹೆಸರಿರುವವನೇ ವೆಸೀನೊ. ಪರದೇಶದಿಂದ ಬಂದು ನೆಲೆಸಿದವನೂ ಅದರಲ್ಲಿ ಸೇರುತ್ತಾನೆ. ಮನೆಯಲ್ಲಿ ಯಾವ ಭಾಷೆ ಆಡುತ್ತೀ ಅಂತ ಆ ಪಟ್ಟಿ ಕೇಳುವುದಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಹಿರಿಯರ ನೆನಪಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಎಲ್ಲಿಗೂ ಹೋದವರಲ್ಲ. ಅದೇ ಮನೆ, ಅದೇ ಬಾವಿ, ಅದೇ ತೋಟ. ರಾಜ್ಯದ ಹೆಸರು ಬದಲಾಯಿತು. ಬೇಲಿಯಾಚೆಯವರು ಮಾತ್ರ ಅವರೇ ಇದ್ದರು.